ಬಲಕ್ಕೆ ದೊಡ್ಡ ಹಡಗು

ವೀರೇಶ ಅಂಗಡಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಎರಡು ನುಣುಪಾದ ಬಣ್ಣದ ಪುಸ್ತಿಕೆಗಳನ್ನು ತಂಗಿಯ ಮಡಿಲಿಗೆ ಒಗೆದ. ಸುಮಿತಾ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಪುಸ್ತಿಕೆಗಳು ಮೊರದೊಳಗೆ ಜಾರಿ ಬಿದ್ದವು.

"ಓದು. ಯಾವ ಹಡಗು ಚಲೋ ಐತಿ ಹೇಳು. ದೀಪಾವಳಿ ಸೂಟಿಗೆ ಎಲ್ಲಾರೂ ಸಮುದ್ರದಾಗ ಹೋಗೂಣು."

ಆ ಮನೆಯಲ್ಲಿ ಇಂಗ್ಲಿಷು ಓದಲು ಬರುತ್ತಿದ್ದುದು ಅವಳಿಗೊಬ್ಬಳಿಗೇ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಮೇಲೊಂದು ಬಿ.ಎಡ್. ಮಾಡಿ ಹಳಿಯಾಳಕ್ಕೆ ಮರಳಿದ ಮೇಲೆ ಆ ಓದಿಗೆ ಮನೆಯವರು ಕಂಡುಕೊಂಡ ಉಪಯೋಗಗಳು ಕೆಲವಿದ್ದವು. ಅಣ್ಣನ ಗೊಬ್ಬರದಂಗಡಿಗೆ ಬರುವ ಔಷಧಿ ಡಬ್ಬಿಗಳ ಮೇಲಿನದನ್ನು ಓದುವುದು, ಹೊಸ ಟಿ.ವಿ.ಯ ಗುಂಡಿಗಳನ್ನು ಅರ್ಥ ಮಾಡಿಸುವುದು, ಬೀಗರ ಮುಂದೆ ಚಹಾದ ತಟ್ಟೆಯ ಜೊತೆಗೆ ಡಿಗ್ರಿಯನ್ನೂ ಹಿಡಿದು ನಿಲ್ಲುವುದು. ಈಗ ಹಡಗು ಆರಿಸುವುದೂ ಸೇರಿತು.

ಹಡಗಿನ ಹುಚ್ಚು ಹತ್ತಿದ್ದು ಸಮುದ್ರದ ಮೇಲಿನ ಪ್ರೀತಿಯಿಂದಲ್ಲ. ಮುಂಡಗೋಡದ ಅಂದಾನೆಪ್ಪ, ಅಂದರೆ ವೀರೇಶನ ಷಡ್ಡಕ, ಹೋದ ವರ್ಷ ಸಿಂಗಾಪುರಕ್ಕೆ ಹೋಗಿ ಬಂದಿದ್ದ. ಅಲ್ಲಿ ಬಾಯಿಂದ ನೀರು ಕಾರುವ ಕಲ್ಲಿನ ಸಿಂಹದ ಮುಂದೆ ಹೆಂಡತಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆಸಿದ ಫೋಟೋವನ್ನು ತನ್ನ ಅಕ್ಕಿ ಗಿರಣಿಯ ಕ್ಯಾಲೆಂಡರಿಗೆ ಹಾಕಿಸಿ ಊರೂರಿಗೆ ಹಂಚಿದ್ದ. ವೀರೇಶನ ಅಂಗಡಿಯ ಎದುರಿನ ಚಹಾದಂಗಡಿಯಲ್ಲೂ ಅದು ತೂಗುತ್ತಿತ್ತು. ಗಲ್ಲಾದ ಮೇಲೆ ಕೂತು ತಲೆ ಎತ್ತಿದರೆ ಸಾಕು, ಅಂದಾನೆಪ್ಪ ಕರಿ ಕನ್ನಡಕದೊಳಗಿಂದ ಇವನನ್ನೇ ನೋಡುತ್ತಿದ್ದ. ತಿಂಗಳು ಹರಿದು ಒಗೆದರೂ ಫೋಟೋ ಹಾಗೇ ಉಳಿಯುವಂತೆ ಅವನು ಕ್ಯಾಲೆಂಡರು ಮಾಡಿಸಿದ್ದ.

ಸುಮಿತಾ ಖಾರದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಓದಿದಳು. ಓದಲು ಕೊಟ್ಟರೆ ಸರಿಯಾಗಿಯೇ ಓದುವ ಕೆಟ್ಟ ಚಟ ಅವಳಿಗಿತ್ತು.

"ಸಣ್ಣ ಹಡಗು ಗೋವಾದಿಂದ ಬಿಡ್ತದ. ಶುಕ್ರವಾರ ಹತ್ತಿದ್ರ ರವಿವಾರ ತಿರುಗಿ ಗೋವಾ. ಮೂರು ವರ್ಷದಿಂದ ಮ್ಯಾಲಿನ ಹುಡುಗರಿಗೆ ಆಟದ ಖೋಲಿ ಐತಿ, ಅಲ್ಲೆ ನೋಡ್ಕೊಳ್ಳೋ ಬಾಯೇರು ಇರ್ತಾರ. ಹುಡುಗರಿಗೆ ಸಂಜೀ ಮುಂದ ಲಗೂನ ಊಟ. ಮೊಣಕಾಲು ಮಟ ನೀರಿರೋ ಸಣ್ಣ ಹೊಂಡ. ಮಂಚಕ್ಕ ಕಟಾಂಜನ ಅದಾವ, ಕೂಸು ಬೀಳೂದಿಲ್ಲ."

"ಅಷ್ಟ?" ಎಂದ ವೀರೇಶ.

"ಅಷ್ಟ."

"ಇದೇನು ಹಡಗೋ ಅಂಗನವಾಡಿಯೋ. ಇನ್ನೊಂದು ಓದು."

"ದೊಡ್ಡದು ಮುಂಬೈದಿಂದ ಲಕ್ಷದ್ವೀಪಕ್ಕ ಹೋಗ್ತದ. ರವಿವಾರ ಹತ್ತಿ ಶುಕ್ರವಾರ ಇಳಿಯೂದು. ಐದು ವರ್ಷದೊಳಗಿನ ಹುಡುಗರನ್ನ ತಂದಿ ತಾಯಿನ ನೋಡ್ಕೋಬೇಕಂತ, ಹಡಗಿನವರು ಜವಾಬ್ದಾರಿ ತಗೊಳ್ಳೂದಿಲ್ಲ. ನೀರಿನ ಹೊಂಡದಾಗ ಸಣ್ಣವರನ್ನ ಬಿಡೂದಿಲ್ಲ. ರಾತ್ರಿ ಊಟ ತಡಾ."

"ಅದನ್ನ ಬಿಡು. ಮತ್ತೇನೈತಿ?"

"ಜೂಜಿನ ಖೋಲಿ. ಡಾನ್ಸು. ಕ್ಯಾಪ್ಟನ್ ಜೋಡಿ ಫೋಟೋ."

ವೀರೇಶ ಪುಸ್ತಿಕೆ ಕಸಿದುಕೊಂಡು ಆ ಪುಟ ನೋಡಿದ. ಅವನ ಕಣ್ಣೊಳಗೆ ಆಗಲೇ ಕ್ಯಾಲೆಂಡರು ಅಚ್ಚಾಗುತ್ತಿರುವುದು ಸುಮಿತಾಳಿಗೆ ಕಾಣುತ್ತಿತ್ತು. ಬಿಳಿ ಟೊಪ್ಪಿಗೆಯ ಕ್ಯಾಪ್ಟನ್, ಅವನ ಹೆಗಲ ಮೇಲೆ ಕೈಹಾಕಿದ ಗೊಬ್ಬರದ ಸಾವಕಾರ, ಕೆಳಗೆ ಯೂರಿಯಾ ಚೀಲದ ಚಿತ್ರ.

ವೀರೇಶನ ಹೆಂಡತಿ, ಸುಮಿತಾಳ ವೈನಿ ದಾಕ್ಷಾಯಣಿ ಅಲ್ಲೇ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆರು ವರ್ಷದ ಪ್ರಭು, ಮೂರು ವರ್ಷದ ಮಲ್ಲಿ ಅವಳು ಹಡೆದ ಮಕ್ಕಳೆಂಬುದು ಹೊರಗಿನವರಿಗೆ ಹೇಳಿದರೆ ಮಾತ್ರ ತಿಳಿಯಬೇಕು. ಮಲ್ಲಿ ಇನ್ನೂ ಉಚ್ಚೆ ಬಂದರೆ ನಿಂತಲ್ಲೇ ನಿಂತು ಬಿಡುವವಳು, ಪ್ರಭು ಸುಣ್ಣದ ಕಡ್ಡಿ ತಿನ್ನುವವನು. ಒರೆಸುವುದು, ಬಾಯೊಳಗೆ ಬೆರಳು ಹಾಕಿ ಕಡ್ಡಿ ತೆಗೆಯುವುದು ಎರಡೂ ಸುಮಿತಾಳ ಪಾಲಿನವು.

"ಹುಡುಗರನ್ನ ಹಿಡಿಯಾಕ ಸುಮಿ ಇರ್ತಾಳಲಾ," ಎಂದಳು ದಾಕ್ಷಾಯಣಿ, ಉಗುರಿಗೆ ಉಫ್ ಎಂದು ಊದಿ.

ಸುಮಿತಾ ಪುಸ್ತಿಕೆಯ ತಾರೀಖುಗಳನ್ನು ಇನ್ನೊಮ್ಮೆ ನೋಡಿದಳು. ದೊಡ್ಡ ಹಡಗು ಬಿಡುವುದು ಸೂಟಿಯ ಕಡೆಯ ರವಿವಾರ, ಸಾಲೆ ಬಾಗಿಲು ತೆರೆಯುವುದು ಅದರ ಮರುದಿನ ಸೋಮವಾರ. ಮುಂಡಗೋಡದ ಹತ್ತಿರ ಪಾಳಾ ಎಂಬ ಊರಿನ ಹೈಸ್ಕೂಲಿನಲ್ಲಿ ಅವಳಿಗೆ ನೌಕರಿ ಸಿಕ್ಕಿತ್ತು. ಮುಂಡಗೋಡದಲ್ಲಿ ಗೆಳತಿಯೊಬ್ಬಳ ಜೊತೆ ಖೋಲಿಯೂ ಗೊತ್ತಾಗಿತ್ತು. ತೆರೆದ ದಿನವೇ ಬಂದು ಸೇರಿಕೊಳ್ಳಬೇಕು, ಇಲ್ಲವಾದರೆ ಮುಂದಿನವರನ್ನು ಕರೆಯುತ್ತೇವೆ ಎಂದು ಹೆಡ್ ಮಾಸ್ತರರು ಫೋನಿನಲ್ಲಿ ಹೇಳಿದ್ದರು. ಇದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲವೆಂದಲ್ಲ. ಹೇಳಿದಾಗ ಅವ್ವ ಗಿರಿಜಾಬಾಯಿ "ಚಲೋ ಆತು" ಎಂದು, ಉಕ್ಕುತ್ತಿದ್ದ ಹಾಲು ಇಳಿಸಲು ಎದ್ದು ಹೋಗಿದ್ದಳು. ಅಣ್ಣ ಕ್ರಿಕೆಟ್ಟು ನೋಡುತ್ತಿದ್ದ.

"ಸೋಮವಾರ ನಾ ಪಾಳಾಕ್ಕ ಹೋಗ್ಬೇಕು," ಎಂದಳು. ಅವಳ ದನಿ ಯಾವಾಗಲೂ ಬೇರೆ ಖೋಲಿಯಿಂದ ಬಂದಂತಿರುತ್ತಿತ್ತು.

"ಆ ಸಾಲಿ ಎಲ್ಲೆ ಓಡಿ ಹೋಗ್ತೈತಿ? ಗ್ವಾಡಿ ಅಲ್ಲೇ ಅದಾವ, ಅಲ್ಲೇ ಇರ್ತಾವ," ಎಂದ ವೀರೇಶ. "ಆ ಮಾಸ್ತರಗ ನಾ ಹೇಳ್ತೇನಿ. ಅವಂದೂ ಹೊಲ ಐತಿಲ್ಲೋ? ಗೊಬ್ಬರ ಯಾರ ಕಡೆ ಒಯ್ತಾನ ಮತ್ತ?"

ಸುಮಿತಾಳ ತಲೆಯೊಳಗೆ ಉದ್ದನೆಯ, ಹರಿತವಾದ, ಒಂದು ತಪ್ಪೂ ಇಲ್ಲದ ಭಾಷಣವೊಂದು ತಯಾರಾಯಿತು. ಬಾಯಿಂದ ಹೊರಬಂದದ್ದು "ಹೂಂ". ಇವರನ್ನು ಕಂಡರೆ ಎಷ್ಟು ಹೇಸಿಗೆಯೋ ಆ "ಹೂಂ" ಕಂಡರೆ ಅವಳಿಗೆ ಅದಕ್ಕಿಂತ ಹೆಚ್ಚು ಹೇಸಿಗೆ.

ಗಿರಿಜಾಬಾಯಿಗೆ ಬೇರೆಯದೇ ಚಿಂತೆ. "ಅಲ್ಲೋ ವೀರ್ಯಾ, ಆ ಹಡಗದಾಗ ಅಡಿಗಿ ಮಾಡೋರು ಯಾರು? ಮೀನ ಬೇಯಿಸಿದ ಬೋಗಾಣಿಯೊಳಗ ಅನ್ನಾ ಇಡ್ತಾರೋ ಏನೋ. ನಾ ಒಂದು ಚೀಲ ರೊಟ್ಟಿ, ಶೇಂಗಾ ಹಿಂಡಿ ಕಟ್ಕೋತೇನಿ."

"ಕಟ್ಕೋಬೇ. ದೊಡ್ಡ ಹಡಗು, ಎಷ್ಟು ಚೀಲ ಆದ್ರೂ ಹಿಡಿತಾವು."

"ಆದ್ರ ದೇವರನ್ನ ಕೇಳದ ನೀರಿಗಿಳಿಯೂದು ಬ್ಯಾಡ. ತೇರಗಾಂವಕ್ಕ ಹೋಗಿ ಕೇಳೂಣು. ಬಸವಣ್ಣ ಯಾವ ಹಡಗು ಹತ್ತು ಅಂತಾನ ಅದನ್ನ ಹತ್ತೂಣು."

ಅವರ ಮನೆತನ ತೇರಗಾಂವದ್ದು. ಹೊಲದ ನಡುವಿನ ಬಸವಣ್ಣನನ್ನು ಕೇಳದೆ ಅವರು ಬೋರು ಹೊಡೆಸಿದವರಲ್ಲ, ಎತ್ತು ಕೊಂಡವರಲ್ಲ, ಹೆಣ್ಣು ತಂದವರಲ್ಲ. ಹೀಗೆ ಪ್ರಸಾದ ಕೇಳುವ ರೀತಿ ಸರಳ. ಪೂಜಾರಿ ಎರಡು ಕಣಗಿಲ ಹೂವನ್ನು ನೀರಿಗೆ ಅದ್ದಿ ಕಲ್ಲಿನ ಬಸವಣ್ಣನ ಎರಡೂ ಭುಜಕ್ಕೆ ಹಚ್ಚುತ್ತಾನೆ. ಬಲಕ್ಕೆ ಒಂದು ಮಾತು, ಎಡಕ್ಕೆ ಒಂದು ಮಾತು. ಯಾವ ಹೂ ಮೊದಲು ಬೀಳುತ್ತದೋ ಅದು ದೇವರ ಮಾತು. ಆದರೆ ಬಲದ ಹೂ ಬಿದ್ದರೇ ಶುಭ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಮನಸ್ಸಿಗೆ ಬೇಕಾದುದನ್ನು ಈ ಮನೆಯವರು ಎಂದೂ ಎಡಕ್ಕೆ ಇಟ್ಟವರಲ್ಲ.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಎಲ್ಲರೂ ಹೋದರು. ಪೂಜಾರಿ ಅಡಿವೆಯ್ಯ ಗುಡಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುವುದರಲ್ಲಿದ್ದವನು, ಜೀಪು ನೋಡಿ ಕಟ್ಟಿಟ್ಟ.

"ಏನು ಕೇಳ್ಬೇಕ್ರಿ ಸಾವಕಾರ್ರ?"

"ಬಲಕ್ಕ ದೊಡ್ಡ ಹಡಗು, ಎಡಕ್ಕ ಸಣ್ಣ ಹಡಗು."

ಅಡಿವೆಯ್ಯ ತನ್ನ ಜನ್ಮದಲ್ಲಿ ಹಡಗನ್ನು ಕಂಡವನಲ್ಲ. ಬಸವಣ್ಣನೂ ಕಂಡಿರಲಿಕ್ಕಿಲ್ಲ. ಇಬ್ಬರೂ ಏನೂ ಅನ್ನಲಿಲ್ಲ. ಎಣ್ಣೆಗಪ್ಪಾಗಿ ಹೊಳೆಯುವ ಭುಜಗಳಿಗೆ ಹೂ ಹತ್ತಿದವು. ಎಲ್ಲರೂ ಕೈಮುಗಿದು ಕಣ್ಣು ಮುಚ್ಚುವಷ್ಟರಲ್ಲಿ ಎಡದ ಹೂ ಟಪ್ಪೆಂದು ಬಿತ್ತು.

ಸುಮಿತಾಳಿಗೆ ಉಸಿರು ಬಂದಂತಾಯಿತು. ಸಣ್ಣ ಹಡಗು, ಆಟದ ಖೋಲಿ, ಬಾಯೇರು. ಅವಳು ಬೇಕಾಗಿಲ್ಲ.

"ಗಾಳಿ ಬಂತು," ಎಂದಳು ಗಿರಿಜಾಬಾಯಿ. "ಬಾಗಲಾ ತೆರೆದಿತ್ತು, ಗಾಳಿಗೆ ಬಿತ್ತು. ಬಾಗಲಾ ಹಾಕಿ ಇನ್ನೊಮ್ಮೆ ಹಚ್ಚರಿ ಅಯ್ನೋರ."

ಬಾಗಿಲು ಹಾಕಲಾಯಿತು. ಎರಡನೆಯ ಸಲವೂ ಎಡದ್ದೇ ಬಿತ್ತು.

"ಕೂಸು ಸೀನಿತಲಾ," ಎಂದಳು ದಾಕ್ಷಾಯಣಿ. "ಸೀನಿದ ಮ್ಯಾಲೆ ಬಿದ್ದದ್ದು ಲೆಕ್ಕಕ್ಕ ಹಿಡಿಯೂದಿಲ್ಲ."

"ಹಿಡಿಯೂದಿಲ್ಲ," ಎಂದ ವೀರೇಶ. "ಹಚ್ಚರಿ ಅಯ್ನೋರ, ಸರಿಯಾಗಿ ಹಚ್ಚರಿ."

'ಸರಿಯಾಗಿ' ಎಂಬ ಮಾತು ಅಡಿವೆಯ್ಯನಿಗೆ ಸರಿಯಾಗಿ ತಿಳಿಯಿತು. ಈ ಸಲ ಅವನು ಎಡದ ಹೂವನ್ನು ಹೆಬ್ಬೆರಳಿನಿಂದ ಒತ್ತಿ, ಇನ್ನೊಮ್ಮೆ ಒತ್ತಿ, ಕೈ ತೆಗೆದ. ಸುಮಿತಾ ಆ ಹೆಬ್ಬೆರಳನ್ನು ನೋಡಿದಳು. ಬಲದ ಹೂ ಬಿತ್ತು. ಗಿರಿಜಾಬಾಯಿಯ ಕಣ್ಣಲ್ಲಿ ನೀರು ಬಂತು. ಕಾಯಿ ಒಡೆಯಿತು. ವೀರೇಶ ಹುಬ್ಬಳ್ಳಿಯ ಟಿಕೀಟಿನವನಿಗೆ ತಕ್ಷಣ ಹೇಳಬೇಕೆಂದು ಮೊಬೈಲು ಎತ್ತಿ ಹಿಡಿದು ಮೂಲೆ ಮೂಲೆಗೆ ತಿರುಗಿದ. ರೇಂಜು ಇರಲಿಲ್ಲ.

"ನಡೀರಿ ಲಗೂ. ಡಾಂಬರ ರಸ್ತಾಕ್ಕ ಹೋದ್ರ ಹತ್ತತೈತಿ."

"ಅಯ್ನೋರ, ನಂದೂ ಒಂದು ಕೇಳೂದೈತಿ."

ಯಾರು ಮಾತಾಡಿದರೆಂದು ಎಲ್ಲರೂ ಒಂದು ಗಳಿಗೆ ಸುತ್ತ ನೋಡಿದರು. ಸುಮಿತಾಳ ಕಿವಿ ಕೆಂಪಾಗಿದ್ದವು. ಅವಳು ಬಸವಣ್ಣನ ಮುಂದೆ ಪಟ್ಟಾಗಿ ಕೂತಿದ್ದಳು.

"ಬಲಕ್ಕ ಪಾಳಾದ ನೌಕರಿ," ಎಂದಳು. "ಎಡಕ್ಕ ಹಡಗು."

"ಕೇಳಲಿ ಬಿಡೋ," ಎಂದಳು ಗಿರಿಜಾಬಾಯಿ. ದೇವರನ್ನು ಕೇಳುತ್ತೇನೆ ಅಂದವರನ್ನು ಬ್ಯಾಡ ಅನ್ನುವ ಧೈರ್ಯ ಅವಳಿಗಿರಲಿಲ್ಲ.

ಅಡಿವೆಯ್ಯ ಹೂ ಹಚ್ಚಿದ. ಎಡದ್ದು ಬಿತ್ತು. ವೀರೇಶ ನಕ್ಕ. "ಆತಲಾ? ಏಳು."

"ಗಾಳಿ ಬಂತು," ಎಂದಳು ಸುಮಿತಾ.

"ಬಾಗಲಾ ಹಾಕೇತಿ."

"ಕೆಳಗ ಸಂದಿ ಐತಿ. ಇನ್ನೊಮ್ಮೆ ಹಚ್ಚರಿ ಅಯ್ನೋರ."

ಹಚ್ಚಿದ. ಮತ್ತೆ ಎಡದ್ದೇ. ಬಸವಣ್ಣನಿಗೆ ಇವತ್ತು ಎಡವೇ ಹಿಡಿಸಿದಂತಿತ್ತು.

"ಪ್ರಭು ಕೆಮ್ಮಿದ."

"ನಾ ಕೆಮ್ಮಿಲ್ಲ ಅತ್ತಿ," ಎಂದ ಪ್ರಭು, ಬಾಯಲ್ಲಿ ಏನನ್ನೋ ಅಗಿಯುತ್ತ.

"ಕೆಮ್ಮಿದಿ. ಲೆಕ್ಕಕ್ಕ ಹಿಡಿಯೂದಿಲ್ಲ. ಇನ್ನೊಮ್ಮೆ ಹಚ್ಚರಿ."

ಮೂರನೆಯ ಸಲ ಎರಡೂ ಹೂ ಬೀಳಲಿಲ್ಲ. ಕಲ್ಲಿನಲ್ಲೇ ಅರಳಿದಂತೆ ನಿಂತುಬಿಟ್ಟವು. ವೀರೇಶ ಗಡಿಯಾರ ನೋಡಿದ, ಮೊಬೈಲು ನೋಡಿದ, ಹೊರಗೆ ಹೋಗಿ ಜೀಪಿನ ಹಾರನ್ನು ಬಾರಿಸಿ ಬಂದ. ಸುಮಿತಾ ಅಲುಗಲಿಲ್ಲ. ಇಷ್ಟು ವರ್ಷ ಮಾತು ಬಾರದೆ ಕೂತು ಕೂತು ಅವಳಿಗೆ ಒಂದು ವಿದ್ಯೆ ಬಂದಿತ್ತು. ಕೂತಿರುವುದು. ಆ ಪರೀಕ್ಷೆಯಲ್ಲಿ ಆ ಮನೆಯ ಯಾರೂ ಅವಳ ಸಮಕ್ಕೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಮಲ್ಲಿ ನಿಂತಲ್ಲೇ ನಿಂತಳು. ಕಲ್ಲುಹಾಸಿನ ಮೇಲೆ ನೀರು ಹರಿದು ಗಿರಿಜಾಬಾಯಿಯ ಸೆರಗಿನ ಕಡೆಗೆ ಹೊರಟಿತು.

"ಸುಮೀ, ಕೂಸಿನ್ನ ಹಿಡಿ," ಎಂದಳು ದಾಕ್ಷಾಯಣಿ, ಎಂದಿನಂತೆ.

"ದೇವರ ಮುಂದ ಪ್ರಸಾದಕ್ಕ ಕುಂತೇನಿ ವೈನಿ. ನಡುವ ಏಳಬಾರದು."

ಅದು ಹೌದು. ಅದು ಅವರದೇ ನಿಯಮ. ದಾಕ್ಷಾಯಣಿ ಅತ್ತೆಯ ಮುಖ ನೋಡಿದಳು, ಅತ್ತೆ ಬಸವಣ್ಣನ ಮುಖ ನೋಡಿದಳು. ಕೊನೆಗೆ ದಾಕ್ಷಾಯಣಿಯೇ ಜರಿಯಂಚಿನ ಸೀರೆ ಎತ್ತಿ ಕಟ್ಟಿ, ಬಣ್ಣದುಗುರಿನ ಕೈಯಿಂದ ಮಗಳನ್ನು ದೂರ ಹಿಡಿದುಕೊಂಡು ಹೊರಗೆ ಒಯ್ದಳು. ಮರಳಿ ಬಂದು ನೆಲ ಒರೆಸಿದಳು. ಒರೆಸುತ್ತಿರುವಾಗ ಪ್ರಭು ವಿಭೂತಿಯ ಉಂಡೆ ಕಡಿಯುತ್ತಿರುವುದು ಕಂಡು ಅವನ ಬೆನ್ನಿಗೊಂದು ಹಾಕಿದಳು. ಅವನು ಅತ್ತ. ಅವನನ್ನು ನೋಡಿ ಮಲ್ಲಿ ಅತ್ತಳು. ಮುಚ್ಚಿದ ಬಾಗಿಲ ಗುಡಿಯೊಳಗೆ ಆ ಎರಡು ಗಂಟಲು ದೊಡ್ಡ ಹಡಗಿನ ಶಿಳ್ಳೆಯಂತೆ ಮೊಳಗಿದವು.

"ಹಿಂಗ ಐದು ದಿನಾ," ಎಂದಳು ಸುಮಿತಾ, ಬಸವಣ್ಣನಿಗೆ ಹೇಳಿದಂತೆ.

ಅಡಿವೆಯ್ಯನಿಗೆ ಹೊರಗಿನ ಬುತ್ತಿಯ ನೆನಪಾಯಿತು. ಅವನು ಎರಡೂ ಹೂವನ್ನು ಕಿತ್ತು ತೆಗೆದು, "ಒಣಗ್ಯಾವು, ಹೊಸಾವು ಹಚ್ಚತೇನಿ" ಎಂದ. ಎಡದ್ದನ್ನು ತಂಬಿಗೆಯಲ್ಲಿ ಪೂರ್ತಿ ಮುಳುಗಿಸಿದ. ಬಲದ್ದನ್ನು ನೀರಿಗೆ ತೋರಿಸಿದ, ಅಷ್ಟೇ. ಎಲ್ಲರೂ ನೋಡಿದರು. ಯಾರೂ ಬಾಯಿ ಬಿಡಲಿಲ್ಲ, ಯಾಕೆಂದರೆ ಬಿಟ್ಟಿದ್ದರೆ ಹೆಬ್ಬೆರಳಿನ ಮಾತೂ ಬರುತ್ತಿತ್ತು. ಬಲದ ಹೂ ಭುಜವನ್ನು ಮುಟ್ಟಿತೋ ಇಲ್ಲವೋ, ಉದುರಿತು.

"ಕೊಟ್ಟಾ ಬಸವಣ್ಣ," ಎಂದ ಅಡಿವೆಯ್ಯ. "ಪಾಳಾಕ್ಕ ಹೋಗವ್ವ."

ಗಿರಿಜಾಬಾಯಿ ಅಭ್ಯಾಸಬಲದಿಂದ ಕಣ್ಣಿಗೆ ಸೆರಗು ಹಚ್ಚಿಕೊಂಡಳು. ಸುಮಿತಾ ಬಿದ್ದ ಹೂವನ್ನು ಎತ್ತಿ ಜಡೆಗೆ ಸಿಕ್ಕಿಸಿದಳು. ದೇವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಪಾಪ, ಅವನು ಮೊದಲ ಸಲವೇ ಸರಿಯಾಗಿ ಹೇಳಿದ್ದ.

ಜೀಪು ಹೊಲದ ದಾರಿಯಲ್ಲಿ ಕುಲುಕುತ್ತ ಹೊರಟಿತು. ಮಲ್ಲಿ ತಾಯಿಯ ತೊಡೆಯ ಮೇಲಿದ್ದಳು, ಒದ್ದೆಯಾಗಿ. ಡಾಂಬರು ರಸ್ತೆ ಕಾಣುತ್ತಲೇ ವೀರೇಶ ಮೊಬೈಲು ತೆಗೆದ.

"ತಡೀರಿ," ಎಂದಳು ದಾಕ್ಷಾಯಣಿ. "ಸುಮೀ, ಆ ಇನ್ನೊಂದು ಹಡಗು ಅಂದಿದ್ದೆಲ್ಲ, ಹುಡುಗರನ್ನ ನೋಡ್ಕೊಳ್ಳೋ ಬಾಯೇರು ಇರ್ತಾರ ಅಂತ. ಎಷ್ಟೊತ್ತನಕ ನೋಡ್ಕೋತಾರ?"

"ಬೆಳಿಗ್ಗಿಂದ ರಾತ್ರಿ ಮಟಾ. ಆದ್ರ ಉಚ್ಚಿ ಹೇಳಾಕ ಬರೋ ಕೂಸು ಇರ್ಬೇಕಂತ. ಇನ್ನೂ ವ್ಯಾಳ್ಯಾ ಐತಿ ವೈನಿ, ನೀವ ಕಲಸ್ರಿ."

"ಯಾವ ಬಾಯೇರೂ ಬ್ಯಾಡ," ಎಂದ ವೀರೇಶ. "ದೇವರು ದೊಡ್ಡ ಹಡಗು ಕೊಟ್ಟಾನ. ಕೊಟ್ಟಾದ ಮ್ಯಾಲೆ ಮೀರಾಕ ಬರೂದಿಲ್ಲ."

"ಮೀರು ಅಂತ ಯಾರಂದ್ರು?" ಎಂದಳು ದಾಕ್ಷಾಯಣಿ. "ಆಗ ಮಲ್ಲಿ ಅಳಾಕತ್ತಿದ್ಲು. ಲೆಕ್ಕಕ್ಕ ಹಿಡಿಯೂದಿಲ್ಲ. ಗಾಡಿ ಹೊಳ್ಳಸ್ರಿ."

ದೊಡ್ಡ ಹಡಗಿನ ಹೂ ಬೀಳುವಾಗ ಮಲ್ಲಿ ಅತ್ತಿರಲಿಲ್ಲ. ಅದನ್ನು ನೆನಪು ಮಾಡಿಕೊಡುವ ಮನಸ್ಸು ಸುಮಿತಾಳಿಗೆ ಬರಲಿಲ್ಲ. ಅವಳು ಕಿಟಕಿಯ ಆಚೆಗೆ ಮುಖ ತಿರುಗಿಸಿದಳು.

ಗುಡಿಯ ಕಟ್ಟೆಯ ಮೇಲೆ ಅಡಿವೆಯ್ಯ ಕಡೆಗೂ ಬುತ್ತಿ ಬಿಚ್ಚಿ ಮೊದಲ ತುತ್ತು ಮುರಿದಿದ್ದ. ಜೀಪಿನ ಧೂಳು ತಿರುಗಿ ಬರುವುದನ್ನು ಕಂಡು ರೊಟ್ಟಿಯನ್ನು ಕೆಳಗಿಟ್ಟು, ತಂಬಿಗೆಯ ನೀರಿನಲ್ಲಿ ಕೈ ತೊಳೆದುಕೊಂಡ. ಅವರು ಇಳಿಯುವ ತನಕವೂ ಅವನು ಕಾಯಲಿಲ್ಲ.

"ಈ ಸಲ ಬಲಕ್ಕ ಯಾವುದ್ರಿ?" ಎಂದು ಕೇಳಿದ.