ಹದಿಮೂರನೆಯವಳು

ನನ್ನ ತಂಗಿಯನ್ನು ಅಂದು ಸಂಜೆ ನಾಲ್ಕು ಗಂಟೆಗೆ ಮಣ್ಣು ಮಾಡುವುದೆಂದು ಆಚೆ ದಡದಿಂದ ಫೋನು ಬಂದಿತ್ತು. ಅವಳಿಗೆ ಹೊದಿಸುವ ಬಟ್ಟೆ ನನ್ನ ಚೀಲದಲ್ಲಿತ್ತು. ಐವತ್ತು ವರ್ಷ ಹೊಲಿಗೆ ಹೊಲಿದೇ ಹೊಟ್ಟೆ ಹೊರೆದವಳು ನಾನು. ತನ್ನ ಕೊನೆಯ ಹೊದಿಕೆಯನ್ನು ಅಕ್ಕನೇ ಹೊಲಿಯಬೇಕೆಂದು ತಂಗಿ ಬಾಯಿಬಿಟ್ಟು ಕೇಳಿದ್ದಳು. ಸೇತುವೆ ಸುತ್ತಿಕೊಂಡು ರಸ್ತೆಯಲ್ಲಿ ಹೋದರೆ ಮೂರು ಗಂಟೆಯ ದಾರಿ. ನದಿ ದಾಟಿದರೆ ಮುಕ್ಕಾಲು ಗಂಟೆ. ಎರಡೂವರೆಯ ಲಾಂಚು ತಪ್ಪಿದರೆ ಮುಂದಿನದು ಐದಕ್ಕೆ. ಐದಕ್ಕೆ ಹೋದರೆ ನನಗೆ ಕಾಣುವುದು ಹಸಿ ಮಣ್ಣು ಮಾತ್ರ.

ಕಡವಿಗೆ ಬಂದಾಗ ಐದು ನಿಮಿಷ ಉಳಿದಿತ್ತು. ಪುಟ್ಟ ಲಾಂಚು. ಎರಡೂ ಬದಿಗೆ ಮರದ ಬೆಂಚು, ಮೇಲೆ ಟಾರ್ಪಾಲು, ಹಿಂದುಗಡೆ ಪೆಟ್ಟಿಗೆಯೊಳಗೆ ಡೀಸೆಲ್ ಎಂಜಿನ್. ಮೊದಲೇ ಬಂದವರೆಲ್ಲ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಕುಳಿತಿದ್ದರು. ನಾನು ಹತ್ತಿ, ಮೊಟ್ಟೆ ಮಾರುವ ಹೆಂಗಸಿನ ಪಕ್ಕದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಲಾಂಚು ನಡೆಸುವವನು ಐವತ್ತರ ಆಸುಪಾಸಿನ ಒಣಕಲು ಮನುಷ್ಯ. ಬೆರಳು ತೋರಿಸುತ್ತ ತಲೆ ಎಣಿಸಿದ. ಆ ಬೆರಳು ನನ್ನಲ್ಲಿಗೆ ಬಂದು ನಿಂತಿತು.

"ಅಮ್ಮಾ, ಇಳೀರಿ."

"ಈಗ ತಾನೇ ಹತ್ತಿದ್ದೀನಲ್ಲಪ್ಪಾ."

"ನೀವು ಹದಿಮೂರನೆಯವರು. ಹದಿಮೂರು ಜನರನ್ನ ಕೂರಿಸ್ಕೊಂಡು ನಾನು ನೀರಿಗಿಳಿಯಲ್ಲ. ಇನ್ನೊಬ್ಬರು ಬಂದರೆ ಹದಿನಾಲ್ಕಾಗುತ್ತೆ, ಆಗ ಹತ್ತಿ. ಇಲ್ಲಾಂದ್ರೆ ಐದರದಕ್ಕೆ ಬನ್ನಿ."

"ನನ್ನ ತಂಗಿ ತೀರಿಕೊಂಡಿದ್ದಾಳೆ. ನಾಲ್ಕಕ್ಕೆ ಮಣ್ಣು."

ಅವನ ಮುಖ ಇಳಿಯಿತು. ಆದರೆ ಬೆರಳು ಇಳಿಯಲಿಲ್ಲ. "ಬೇಜಾರು ಮಾಡ್ಕೋಬೇಡಿ ಅಮ್ಮಾ. ಸಾವಿನ ಮನೆಗೆ ಹೊರಟವರು, ಅದರ ಮೇಲೆ ಹದಿಮೂರು. ನನ್ನ ಕೈಲಾಗಲ್ಲ."

"ಯಾರಾದರೂ ಒಬ್ಬರು ಇಳೀರಪ್ಪಾ, ಪಾಪ ಅಜ್ಜಿ," ಎಂದಳು ಮೊಟ್ಟೆಯವಳು.

"ನೀನೇ ಇಳಿಯಕ್ಕಾ," ಎಂದ ಎದುರಿಗಿದ್ದ ಲಿಫ್ಟ್ ಮೆಕ್ಯಾನಿಕ್. ಅವನ ಕಾಲ ಬಳಿ ಸಾಮಾನಿನ ಪೆಟ್ಟಿಗೆಯಿತ್ತು.

"ನಾನಿಳಿದರೆ ಮೊಟ್ಟೆ ಯಾರು ನೋಡ್ಕೋತಾರೆ? ನೀನು ಕಾವಿಗೆ ಕೂರ್ತೀಯಾ?"

ಎಲ್ಲರೂ ನಕ್ಕರು. ಮೆಕ್ಯಾನಿಕ್‌ಗೆ ಆಚೆ ದಡದಲ್ಲಿ ಕೆಟ್ಟು ನಿಂತ ಲಿಫ್ಟಿತ್ತು. ಅವನ ಪಕ್ಕದ ಮೇಷ್ಟರಿಗೆ ನಾಲ್ಕರೊಳಗೆ ಒಪ್ಪಿಸಬೇಕಾದ ಉತ್ತರ ಪತ್ರಿಕೆಗಳ ಕಟ್ಟಿತ್ತು. ಉಳಿದವರಿಗೂ ಏನೇನೋ ಇತ್ತು. ಆಮೇಲೆ ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರಿಗೂ ನದಿಯ ನೀರು ಬಹಳ ಚೆನ್ನಾಗಿ ಕಂಡಿತು.

"ಇದಕ್ಕೊಂದು ಉಪಾಯ ಇದೆ," ಎಂದ ಮೆಕ್ಯಾನಿಕ್. "ದೊಡ್ಡ ದೊಡ್ಡ ಕಟ್ಟಡದಲ್ಲಿ ಏನು ಮಾಡ್ತಾರೆ ಗೊತ್ತಾ? ಹನ್ನೆರಡರ ಬಟನ್ ಆದಮೇಲೆ ಹದಿನಾಲ್ಕರ ಬಟನ್. ಹದಿಮೂರನೇ ಮಹಡಿಯವರು ತಾವು ಹದಿನಾಲ್ಕರಲ್ಲಿದ್ದೀವಿ ಅಂದ್ಕೊಂಡು ಹಾಯಾಗಿರ್ತಾರೆ. ಅಜ್ಜೀನ ಹದಿನಾಲ್ಕು ಅಂತ ಎಣಿಸಿ, ಎಂಜಿನ್ ಹಾಕಿ."

"ಆ ಮಹಡಿಯಿಂದ ಒಬ್ಬ ಬಿದ್ದ ಅಂತಿಟ್ಕೊಳ್ಳಿ. ಹದಿನಾಲ್ಕರಿಂದ ಬೀಳ್ತಾನೋ, ಹದಿಮೂರರಿಂದ ಬೀಳ್ತಾನೋ?" ಎಂದ ಲಾಂಚಿನವನು.

"ಬೀಳೋದು ಯಾಕೆ? ಲಿಫ್ಟಿದೆಯಲ್ಲ."

"ತಮಾಷೆ ಬೇಡ. ಕಟ್ಟಡಕ್ಕೆ ಮೋಸ ಮಾಡಬಹುದು. ತನ್ನ ಬೆನ್ನ ಮೇಲೆ ಎಷ್ಟು ತಲೆ ಇದೆ ಅಂತ ನದಿಗೆ ಗೊತ್ತಿರುತ್ತೆ."

ಮೇಷ್ಟರು ಕನ್ನಡಕ ಸರಿಮಾಡಿಕೊಂಡರು. "ಹಾಗಾದರೆ ನಿಮ್ಮ ತಲೆಯನ್ನೂ ಸೇರಿಸಿ. ಹದಿನಾಲ್ಕಾಯಿತು."

"ನನ್ನದು ಲೆಕ್ಕಕ್ಕಿಲ್ಲ ಸಾರ್. ನಾನು ಎಂಜಿನ್ ಪೈಕಿ."

"ನದಿಗೆ ಅದು ಹೇಗೆ ಗೊತ್ತಾಗಬೇಕು? ಅದರ ಪ್ರಕಾರ ನೀವು ಹನ್ನೆರಡು ಜನರನ್ನ ಕರ್ಕೊಂಡು ಹೋದಾಗಲೆಲ್ಲ ಹದಿಮೂರು ಜನ ದಾಟಿದ್ದೀರಿ."

ಇದನ್ನು ಕೇಳಿ ಮೂಲೆಯಲ್ಲಿದ್ದ ಹೊಸ ಮದುವಣಗಿತ್ತಿ ಗಂಡನ ತೋಳು ಹಿಡಿದಳು. "ರೀ, ನಾವು ಐದಕ್ಕೇ ಹೋಗೋಣವಾ?"

ನನ್ನ ಎದೆ ಹಗುರಾಯಿತು. ಗಂಡ ಮೆಲ್ಲಗೆ, ಎಲ್ಲರಿಗೂ ಕೇಳುವಂತೆ, "ತಡವಾಗಿ ಹೋದರೆ ಅಮ್ಮ ಏನಂತಾರೆ ಗೊತ್ತಲ್ಲ?" ಎಂದ. ಅವಳು ತೋಳು ಬಿಟ್ಟು ನೆಟ್ಟಗೆ ಕುಳಿತಳು. ಹದಿಮೂರಕ್ಕಿಂತ ಅತ್ತೆ ದೊಡ್ಡವಳೆಂದು ನನಗೂ ಅರ್ಥವಾಯಿತು.

"ನಾನು ಇಳಿಯುವುದಿಲ್ಲ," ಎಂದೆ. "ಎತ್ತಿ ಇಳಿಸುವುದಾದರೆ ಎತ್ತು. ಎಪ್ಪತ್ತೆರಡು ವರ್ಷದ ಮೂಳೆ, ನೋಡಿಕೊಂಡು ಹಿಡಿ."

ಅವನು ಎತ್ತಲಿಲ್ಲ. ಎಂಜಿನ್‌ನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ದಡದ ಮೆಟ್ಟಿಲ ಮೇಲೆ ಹೋಗಿ ಕುಳಿತು, ಹದಿನಾಲ್ಕನೆಯವರ ದಾರಿ ನೋಡತೊಡಗಿದ. ಎರಡೂವರೆ ಕಳೆಯಿತು. ಎರಡು ನಲವತ್ತಾಯಿತು. ಮೆಟ್ಟಿಲಿಗೆ ಒಂದು ನಾಯಿ ಬಂತು. "ಇದನ್ನಾದರೂ ಸೇರಿಸ್ಕೋ ಮಾರಾಯ," ಎಂದಳು ಮೊಟ್ಟೆಯವಳು. ಈ ಸಲ ಯಾರೂ ನಗಲಿಲ್ಲ.

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎರಡು ವಾರದ ಹಿಂದೆ ಆ ಸಂಖ್ಯೆಯ ಎದುರು ನಾನೂ ನಡುಗಿದ್ದೆ. ತಂಗಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿದ್ದ ಕೋಣೆಯ ಬಾಗಿಲ ಮೇಲೆ ಹದಿಮೂರು ಎಂದಿತ್ತು. ಅದನ್ನು ಕಂಡದ್ದೇ ಚೀಲವನ್ನು ಅವಳ ಕಾಲ ಬಳಿ ಇಟ್ಟು ಹೊರಗೆ ಓಡಿದೆ. ಕೆಳಗಿನ ಗುಮಾಸ್ತನ ಮುಂದೆ ನಿಂತೆ, ಅವನು ಮೇಲಿನವರ ಬಳಿ ಕಳಿಸಿದ, ಅವರು ಊಟಕ್ಕೆ ಹೋಗಿದ್ದರು, ಕಾದೆ, ಅಂಗಲಾಚಿದೆ, ಜಗಳವಾಡಿದೆ. ನಡುವೆ ಒಮ್ಮೆ ಇಣುಕಿದಾಗ ತಂಗಿ, "ಬಿಡೇ ಅಕ್ಕಾ, ಯಾವ ಕೋಣೆಯಾದರೇನು," ಎಂದಳು. "ನಿನಗೆ ಗೊತ್ತಾಗಲ್ಲ, ಸುಮ್ಮನಿರು," ಎಂದು ಮತ್ತೆ ಓಡಿದೆ. ಅಂತೂ ಹದಿನೈದಕ್ಕೆ ಬದಲಾಯಿಸಿದರು. ಅಷ್ಟರಲ್ಲಿ ನೋಡಲು ಬಂದವರು ಹೊರಡುವ ಹೊತ್ತಾಗಿತ್ತು. ಆಮೇಲೆ ಅವಳು ನನ್ನೊಡನೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಹೋದದ್ದು ಹದಿನೈದನೆಯ ಕೋಣೆಯಲ್ಲೇ.

ದೇವರ ಮುಂದೆ ದಿನಕ್ಕೆ ಎರಡು ಸಲ ಮಂಡಿಯೂರುವವಳು ನಾನು. ಅವನ ಕೈಯಲ್ಲಿ ಅವಳನ್ನು ಒಪ್ಪಿಸಿ ಪಕ್ಕದಲ್ಲಿ ಕೂರಬೇಕಾದ ಅರ್ಧ ದಿನವನ್ನು ಬಾಗಿಲ ಮೇಲಿನ ಒಂದು ತಗಡಿನ ತುಂಡಿಗೆ ಕೊಟ್ಟುಬಿಟ್ಟಿದ್ದೆ. ಉಳಿದಿದ್ದ ಒಂದು ಗಂಟೆಯನ್ನು ಮತ್ತೆ ಅದಕ್ಕೇ ಕೊಡಲಾರೆ ಎಂದು ಮನಸ್ಸು ಗಟ್ಟಿಮಾಡಿದೆ.

"ಏನಪ್ಪಾ," ಎಂದು ಕೂಗಿದೆ. "ನನಗೆ ಜಾಕೆಟ್ ಕೊಡಲಿಲ್ಲವಲ್ಲ."

"ಹದಿಮೂರರದು ಇಲ್ಲ."

ಬೆಂಚಿನ ಕೆಳಗಿನ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಎರಡು ಜಾಕೆಟ್ ಉಳಿದಿದ್ದವು. ಬೆನ್ನಿಗೆ ಕಪ್ಪು ಬಣ್ಣದಲ್ಲಿ ಒಂದಕ್ಕೆ ಹದಿನಾಲ್ಕು, ಇನ್ನೊಂದಕ್ಕೆ ಹದಿನೈದು.

"ನೋಡಿದಿರಾ," ಎಂದ ಮೆಕ್ಯಾನಿಕ್. "ನಮ್ಮ ಲಿಫ್ಟಿನ ಕಥೆಯೇ."

ಎರಡೂ ಉಳಿದವುಗಳಿಗಿಂತ ಹೊಸವು. ಬಟ್ಟೆಯನ್ನು ಮುಟ್ಟಿದರೆ ಅದರ ವಯಸ್ಸು ನನ್ನ ಬೆರಳಿಗೆ ತಿಳಿಯುತ್ತದೆ. "ಇವೆರಡನ್ನು ಯಾವಾಗ ತಂದೆಯಪ್ಪಾ?"

"ನನ್ನಣ್ಣ ಹೋದ ಮೇಲೆ," ಎಂದ.

"ಈ ಲಾಂಚಿನಿಂದಲೇ ಹೋದನಾ?"

"ಹೂಂ. ಎಂಟು ವರ್ಷ ಆಯ್ತು. ಹನ್ನೆರಡು ಜನ ಕೂತಿದ್ದರು, ಹಗ್ಗ ಬಿಚ್ಚಿದ್ದೆ. ಅಣ್ಣ ಆ ಇಳಿಜಾರಲ್ಲಿ ಓಡಿ ಬಂದ, 'ತಮ್ಮಾ, ನಿಲ್ಲಿಸೋ' ಅಂತ. ನಿಲ್ಲಿಸಿದೆ. ನಡುನೀರಲ್ಲಿ ಎಂಜಿನ್ ಕೈಕೊಡ್ತು, ಸೆಳೆತಕ್ಕೆ ಹೋಗಿ ನೀರಲ್ಲಿರೋ ಹಳೇ ಕಂಬಕ್ಕೆ ಬಡಿದು ಮಗುಚಿತು. ಹನ್ನೆರಡೂ ಜನ ತೇಲಿದರು. ನಾನು ಪೀಪಾಯಿ ಹಿಡ್ಕೊಂಡು ಉಳಿದೆ. ಹದಿಮೂರನೆಯವನು ಅವನೊಬ್ಬನೇ ಹೋದ. ಈಗ ಹೇಳಿ ಅಮ್ಮಾ, ನಿಮ್ಮನ್ನ ಹೇಗೆ ಕೂರಿಸ್ಕೊಳ್ಳಲಿ?"

ಕೇಳಬಾರದೆಂದು ಅನಿಸಿತು. ಆದರೂ ಕೇಳಿದೆ. "ಅಂದು ನಿನ್ನ ಹತ್ತಿರ ಜಾಕೆಟ್ ಎಷ್ಟಿದ್ದವು?"

ಅವನು ನನ್ನನ್ನು ದಿಟ್ಟಿಸಿದ.

"ಹನ್ನೆರಡು," ಎಂದ.

ಮೆಕ್ಯಾನಿಕ್ ಏನೋ ಹೇಳಹೊರಟ; ಮೇಷ್ಟರು ಅವನ ಮೊಣಕೈ ಒತ್ತಿದರು.

"ಗೊತ್ತಮ್ಮಾ," ಎಂದ ಲಾಂಚಿನವನು. "ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಅದನ್ನ ನೆನೆಸ್ಕೊಂಡರೆ ಅತ್ತಿಗೆ ಮುಖ ನೋಡೋಕಾಗಲ್ಲ. ಹದಿಮೂರರಿಂದ ಹೋದ ಅಂದರೆ ಅವಳೂ ತಲೆಯಾಡಿಸ್ತಾಳೆ, ನನಗೂ ಅನ್ನ ಇಳಿಯುತ್ತೆ."

"ನಾನೂ ಅಂಥದ್ದೇ ಒಂದು ಮಾಡಿ ಬಂದಿದ್ದೀನಪ್ಪಾ," ಎಂದೆ. ಕೋಣೆಯ ಕಥೆಯನ್ನು ಎರಡು ಮಾತಿನಲ್ಲಿ ಹೇಳಿದೆ. "ದೇವರು ಕರೆಯುವುದು ಒಬ್ಬೊಬ್ಬರನ್ನು. ಸಾಲಿನಲ್ಲಿ ನಿಲ್ಲಿಸಿ ಎಣಿಸುವುದಿಲ್ಲ. ನಿನ್ನಣ್ಣನನ್ನು ಹತ್ತಿಸಿಕೊಂಡದ್ದು ತಪ್ಪಲ್ಲ. ಅಣ್ಣ ಕರೆದರೆ ಯಾವ ತಮ್ಮ ನಿಲ್ಲಿಸುವುದಿಲ್ಲ? ಅವನಿಗೆ ಅಂದು ಇಲ್ಲದ್ದು ಇಲ್ಲಿ ನನಗೆ ಇದೆ. ಬಂದು ತೊಡಿಸು. ಕೈ ನೋವು, ನನಗೆ ಬಕಲು ಹಾಕಲು ಬರುವುದಿಲ್ಲ."

ಅವನು ಕುಳಿತೇ ಇದ್ದ. ನಾನು ಜಾಕೆಟ್ಟನ್ನು ಮುಂದೆ ಚಾಚಿ ಹಿಡಿದುಕೊಂಡೇ ಇದ್ದೆ. ತೋಳು ಸೋತರೂ ಇಳಿಸಲಿಲ್ಲ. ಮೊಟ್ಟೆಯವಳು ಹಿಡಿಯಲು ಬಂದಳು, ಬೇಡವೆಂದೆ.

ಕೊನೆಗೆ ಅವನು ಎದ್ದು ಬಂದ. ನನ್ನ ತೋಳುಗಳನ್ನು ಜಾಕೆಟ್ಟಿಗೆ ತೂರಿಸಿ ಮೂರೂ ಪಟ್ಟಿ ಬಿಗಿದ. ಬಿಗಿದದ್ದನ್ನು ಬಿಚ್ಚಿ ಇನ್ನೊಮ್ಮೆ ಬಿಗಿದ. ಅದನ್ನು ನೋಡಿ ಉಳಿದವರೆಲ್ಲ ಮಾತಿಲ್ಲದೆ ತಮ್ಮ ತಮ್ಮ ಪಟ್ಟಿಗಳನ್ನು ಮುಟ್ಟಿ ನೋಡಿಕೊಂಡರು. ಮೆಕ್ಯಾನಿಕ್ ಅಷ್ಟು ಹೊತ್ತೂ ತನ್ನದನ್ನು ಕಟ್ಟಿಯೇ ಇರಲಿಲ್ಲ, ಈಗ ಕಟ್ಟಿಕೊಂಡ.

ಹಗ್ಗ ಬಿಚ್ಚಿದಾಗ ಮೂರಕ್ಕೆ ಎಂಟು ನಿಮಿಷವಿತ್ತು. ನಡುನೀರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿತು. ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು, ನಾನೇ ಕೆಮ್ಮಿದೆನೋ ಎಂಬ ಹಾಗೆ. ನನಗೂ ಭಯವಾಯಿತು, ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಚೀಲವನ್ನು ಎದೆಗೊತ್ತಿಕೊಂಡು ಪ್ರಾರ್ಥಿಸಿದೆ. ಲಾಂಚಿನವನು ಪೆಟ್ಟಿಗೆ ತೆರೆದು ಯಾವುದೋ ನಳಿಗೆಯನ್ನು ಒರೆಸಿ ಮತ್ತೆ ಕೂರಿಸಿದ. ಎಂಜಿನ್ ಹಿಡಿದುಕೊಂಡಿತು. ಹಳೆಯ ಕಂಬದಿಂದ ಬಹಳ ದೂರ ಬಳಸಿ ದಾಟಿಸಿದ.

ಆಚೆ ದಡದಲ್ಲಿ ನನ್ನ ಕೈ ಹಿಡಿದು ಇಳಿಸುವಾಗ, "ವಾಪಸು ಯಾವಾಗಮ್ಮಾ?" ಎಂದು ಕೇಳಿದ.

"ನಾಳೆ ಬೆಳಿಗ್ಗೆ."

"ಎಷ್ಟೇ ಜನ ಇರಲಿ, ಬನ್ನಿ," ಎಂದ. ಮಾತು ಪೂರ್ತಿ ಗಟ್ಟಿಯಾಗಿರಲಿಲ್ಲ. ಆದರೂ ಆಡಿದ.

ತಂಗಿಯ ಮನೆ ಏರಿನಲ್ಲಿದೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ಮುಟ್ಟಿದೆ. ಜನ ಎದ್ದು ನಿಂತಿದ್ದರು. ತಂಗಿಯ ಮಗಳು ನನ್ನನ್ನು ತಬ್ಬಿಕೊಂಡು, "ದೊಡ್ಡಮ್ಮಾ, ಬರಲ್ಲ ಅಂದ್ಕೊಂಡಿದ್ದೆ," ಎಂದು ಅತ್ತಳು. ಬಟ್ಟೆ ಬಿಡಿಸಿ ತಂಗಿಗೆ ಹೊದಿಸಿದೆ. ಬಿಳಿಯ ಹತ್ತಿ ಬಟ್ಟೆ, ಸುತ್ತ ಸಣ್ಣ ಅಂಚು. ಮೂರು ಬದಿ ಮುಗಿದಿತ್ತು. ನಾಲ್ಕನೆಯದಕ್ಕೆ ಬೆಳಿಗ್ಗೆ ಹೊತ್ತು ಸಾಲದೆ ದೊಡ್ಡ ದೊಡ್ಡ ಟಾಕು ಹಾಕಿ ತಂದಿದ್ದೆ. ಹಾಗೇ ಕಳಿಸಲು ಮನಸ್ಸು ಬರಲಿಲ್ಲ. ಒಂದು ಸ್ಟೂಲು ಕೇಳಿ ಪಡೆದು, ಅವಳ ಪಕ್ಕ ಕುಳಿತು, ಸೂಜಿ ಪೋಣಿಸಿದೆ. ನನ್ನ ಎಡಗೈ ಅವಳ ಕೈಯ ಮೇಲಿತ್ತು. ಅದೇ ಕೈಯಿಂದ ಬಟ್ಟೆಯನ್ನೂ ಹಿಡಿದುಕೊಂಡೆ.

ಒಳಗಿನ ಗಡಿಯಾರ ನಾಲ್ಕು ಹೊಡೆಯಿತು. ತಂಗಿಯ ಅಳಿಯ ಹತ್ತಿರ ಬಂದು ಬಗ್ಗಿ, "ಹೊತ್ತಾಯ್ತು," ಎಂದ.

"ಒಂದು ಗೇಣು ಉಳಿದಿದೆ," ಎಂದೆ.

ಅವನು ಹಿಂದೆ ಸರಿದು ನಿಂತ. ಆ ಒಂದು ಗೇಣನ್ನು ನಾನು ಬೇಗ ಮುಗಿಸಲಿಲ್ಲ.