ಹಳದಿ ಹಚ್ಚಿದ ಮೇಲೆ

ಕರೆಂಟು ಹೋಯಿತು, ಪಕ್ಕದ ಕಲ್ಲಿನ ಕಾರ್ಖಾನೆಯ ಪಾಲಿಶ್ ಮಿಷಿನ್ನು ಗೊರಗೊರ ಎಂದು ನಿಂತಿತು, ಅದರ ಸದ್ದು ಕಿವಿಯಲ್ಲಿತ್ತೆಂಬುದನ್ನೇ ಮರೆತಿದ್ದೆ — ಕೆಳಗೆ ಫರ್ಶಿ ಕಲ್ಲಿನ ನೆಲ ತಣ್ಣಗಿದೆ, ಹಳದಿ ಬಟ್ಟೆ ಉಟ್ಟು ಕೂತಿದ್ದೇನೆ, ಮುಖ, ಕೈ, ಕಾಲು ಎಲ್ಲ ಅರಿಶಿನ, ಒಣಗಿ ಬಿಗಿಯುತ್ತಿದೆ, ಕೆನ್ನೆ ತುರಿಸುತ್ತಿದೆ, ತುರಿಸಿಕೊಂಡರೆ ಉದುರುತ್ತದೆ, ಉದುರಿದರೆ ದಾದಿ, ಅಬ್ಬಾನ ಅವ್ವ, ನೋಡುತ್ತಾಳೆ. ಮೊನ್ನೆ ಹಚ್ಚಿದ್ದು, ಹಚ್ಚಿದವರು ಕೈ ತೊಳೆಯುವುದರೊಳಗೆ ಮೌಲಾಲಿಯ ಫೋನು, ನಿಶ್ಚಯವಾದ ಹುಡುಗ, ಫೌಜಿನಲ್ಲಿರುವವನು, ಲಡಾಯಿ ಶುರು ಆಗ್ಯಾದ ಮಾಮಾ, ರಜಾ ರದ್ದು, ನಿಕಾಹ್ ಮುಂದ ಹಾಕ್ರಿ. ಅಬ್ಬಾ ಫೋನು ಇಟ್ಟು ಓಣಿಗೆಲ್ಲ ಪೇಢೆ ಹಂಚಿ ಬಂದರು, ನಮ್ಮ ಅಳಿಯ ದೇಶದ ಕೆಲಸಕ್ಕ ಹೋಗ್ಯಾನ್ರಿ. ಮದುವೆ ನಿಂತಿತು, ಹಳದಿ ಹಾಗೇ ಉಳಿಯಿತು, ಹಳದಿ ಹಚ್ಚಿದ ಹುಡುಗಿ ನಿಕಾಹ್ ಆಗುವ ತನಕ ಹೊಸ್ತಿಲು ದಾಟಬಾರದು, ಮೈ ತೊಳೆಯಬಾರದು, ಅದೂ ಅವನು ಗುಂಡಿನ ಎದುರಿಗಿರುವಾಗ, ದಾದಿ ಹೇಳುತ್ತಾಳೆ, ಈಗ ತೊಳೆದ್ರ ಆ ಹುಡುಗನ ಉಸಿರು ತೊಳೆದಂಗ, ಬೇಟಾ.

ನಿನ್ನೆ ಸಂಜೆ ನಾನು ನರ್ಸಾಗಿರುವ ವಾಡಿ ಆಸ್ಪತ್ರೆಯಿಂದ ಹೀರಾಬಾಯಿ ಸಿಸ್ಟರ್ ಫೋನು, ನಿಖತ್, ಲಡಾಯಿ ಸಲುವಾಗಿ ಎಲ್ಲಾರ ರಜಾ ರದ್ದಾಗ್ಯಾವ, ನಾಳೆ ಮಧ್ಯಾಹ್ನದ ಡ್ಯೂಟಿಗೆ ಬಾ, ನೀ ಇನ್ನಾ ಕಾಯಂ ಆಗಿಲ್ಲವ್ವ, ಬರಲಿಲ್ಲಂದ್ರ ಇನ್ನೊಬ್ಬಾಕಿನ್ನ ತಗೋತಾರ, ನನ್ನ ಕೈಯಾಗ ಏನಿಲ್ಲ. ನಗು ಬಂತು, ಅವನ ರಜೆ ರದ್ದಾದರೆ ಓಣಿಗೆ ಪೇಢೆ, ನನ್ನ ರಜೆ ರದ್ದಾದರೆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಟಿವಿ ನೋಡಿ ಮಂದಿ ತಲಿ ಕೆಟ್ಟದ, ಬುರ್ಖಾ ಹಾಕ್ಕೊಂಡು ರೈಲಿನ್ಯಾಗ ಒಬ್ಬಾಕಿ ಹ್ಯಾಂಗ ಹೋಗ್ತಿ, ಅಬ್ಬಾ ಅಂದರು, ಅವರ ಹೆದರಿಕೆ ಸುಳ್ಳೂ ಅಲ್ಲ — ಆದರೆ ಅದೇ ರೈಲು, ಅದೇ ಕಿಟಕಿ, ಜೊತೆಗೆ ನರ್ಸಿಂಗ್ ಓದಿದ ರಾಧಿಕಾಳ ಬುತ್ತಿಯ ರೊಟ್ಟಿ ಕಿತ್ತುಕೊಂಡು ತಿಂದು ಓದಿದ ಪಾಠ, ಮೊದಲ ಸಲ ಹೆರಿಗೆ ಕೋಣೆಯಲ್ಲಿ ಒದ್ದೆ ಕೂಸೊಂದು ಈ ಕೈಗೆ ಬಿದ್ದು ಅತ್ತದ್ದು, ಆ ದಿನ ನಾನು ಯಾರ ಮಗಳೂ ಆಗಿರಲಿಲ್ಲ, ಎಷ್ಟು ಹಗುರವಿತ್ತು. ಮೌಲಾಲಿಯನ್ನೇ ಫೋನಿನಲ್ಲಿ ಕೇಳಿದೆ, ಹೋಗಲಾ ಎಂದು, ಗಾಳಿಯ ಸದ್ದಿನ ನಡುವೆ ಅವನು, ನೀ ಮನ್ಯಾಗಿದ್ರ ನಂಗ ಸಮಾಧಾನ, ಹಳದಿ ಸೀರಿಯಾಗ ಕುಂತೀದಿ ಅಂತ ನೆನಸ್ಕೋತೀನಿ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟೂ ಬರುವುದಿಲ್ಲ, ಅದಕ್ಕೇ ಇಷ್ಟು ದಣಿವು. ನೌಕರಿ ಹೋಗಲಿ ಬಿಡು ಎನ್ನಲೇ, ಎಂದರೆ ಎಲ್ಲರೂ ಉಣ್ಣುತ್ತಾರೆ, ನಾನು ಕೂತಿರುತ್ತೇನೆ, ಇನ್ನೊಬ್ಬಳು ನನ್ನ ಜಾಗದಲ್ಲಿ ಕೂಸು ಹಿಡಿಯುತ್ತಾಳೆ.

ಶಕುನ ಗಿಕುನ ನಂಬುವವಳಲ್ಲ ನಾನು, ಓದಿದವಳು — ಆದರೂ ಟಿವಿಯಲ್ಲಿ ಗಡಿಯ ಸುದ್ದಿ ಬಂದಾಗಲೆಲ್ಲ ಬಚ್ಚಲಿನ ಫರ್ಶಿಯ ಮೇಲೆ ಹಳದಿ ನೀರು ಹರಿಯುವುದು ಕಾಣುತ್ತದೆ, ಕಣ್ಣು ಮುಚ್ಚಿದರೂ ಹಳದಿ ನೀರು, ಅವನಿಗೇನಾದರೂ ಆದರೆ ಊರು ಯಾರನ್ನು ನೋಡುತ್ತದೆ, ನನ್ನನ್ನು, ನಾನೇ ನನ್ನನ್ನು ಹೇಗೆ ನೋಡಿಕೊಳ್ಳಲಿ. ಹನ್ನೆರಡರ ರೈಲು ತಪ್ಪಿದರೆ ಮುಗಿಯಿತು. ಎದ್ದಿದ್ದೇನೆ, ಯಾವಾಗ ಎದ್ದೆ ಗೊತ್ತಿಲ್ಲ, ಬಚ್ಚಲಲ್ಲಿದ್ದೇನೆ, ಕೈಯಲ್ಲಿ ತಂಬಿಗೆ, ಬಾಗಿಲಲ್ಲಿ ದಾದಿ ಬಿಬಿಜಾನ್. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ, ಸೆರಗು ತಲೆಗೆಳೆದುಕೊಂಡು ಎರಡೂ ಕೈ ಎತ್ತಿದಳು, ಯಾ ಅಲ್ಲಾ, ಹಳದಿ ಹಚ್ಚಿದಾಕಿ ನಾ, ಹುಡುಗಿದೇನೂ ತಪ್ಪಿಲ್ಲ, ಏನರೆ ಆಗೂದಿದ್ರ ನನಗಾಗ್ಲಿ, ಆ ಹುಡುಗಗ ಬ್ಯಾಡ. ದಾದಿ, ಹಾಗನ್ನಬೇಡ, ಅನ್ನುವಷ್ಟರಲ್ಲಿ ನೀರು ಸುರಿದಾಗಿದೆ, ಮೊದಲು ಕೈ, ಆಮೇಲೆ ಮುಖ, ನೀರೆಲ್ಲ ಮೋರಿಗೆ ಹೋಗುತ್ತಿಲ್ಲ, ಒಂದು ಎಳೆ ಬಾಗಿಲ ಕಡೆಗೆ ಹೊರಳಿದೆ, ಅವಳ ಬರಿಗಾಲಿನ ಕಡೆಗೆ, ಹಿಂದೆ ಸರಿ ದಾದಿ, ಸರಿದುಕೋ, ಅವಳು ಕಾಲು ತೆಗೆಯುತ್ತಿಲ್ಲ, ಹಳದಿ ನೀರು, ಅವಳ ಬೆರಳು, ಹಳದಿ ನೀರು —