ಓಬಣ್ಣ ಮುರಿಸದ ರೂಪಾಯಿಗಳು

ಚನ್ನಗಿರಿಯ ಮುಬಾರಕ್‌ನ ಅಂಗಡಿಯಿಂದ ರಘುನಾಥ ಡಬ್ಬಿ ಎತ್ತಿಕೊಂಡು ಎದ್ದುಬಂದದ್ದು ಇದು ಎರಡನೇ ಸಲ. ಮೊದಲ ಸಲ "ನಮ್ಮವ್ವನ್ನ ಕೇಳಿ ಹೇಳ್ತೀನಿ" ಅಂದಿದ್ದ, ಕೇಳಿರಲಿಲ್ಲ. ಈ ಸಲ ಆ ಮಾತನ್ನೂ ಆಡಲಿಲ್ಲ. "ಇಲ್ಲ ಮುಬಾರಕ್ ಭಾಯ್, ಇವು ಮಾರೋವಲ್ಲ. ನಮ್ಮವ್ವನ ಜೀವ ಇದರಾಗೇ ಐತೆ" ಎಂದು ಡಬ್ಬಿಯನ್ನು ಬ್ಯಾಗಿಗೆ ತುರುಕಿಕೊಂಡು ಹೊರಟೇಬಿಟ್ಟ. ಅವ್ವನ ಜೀವ ಯಾವುದರಲ್ಲಿದೆ ಎಂದು ಈ ಪುಣ್ಯಾತ್ಮ ಯಾವತ್ತಾದರೂ ಅವ್ವನನ್ನೇ ವಿಚಾರಿಸಿದ್ದನೇ? ಅದೊಂದನ್ನು ಕೇಳಬೇಡಿ. ಗಂಡುಮಕ್ಕಳು ತಾಯಂದಿರ ಪರವಾಗಿ ತೀರ್ಮಾನ ಮಾಡುವುದೇ ಹೀಗೆ, ಬಲು ಧಾರಾಳವಾಗಿ.

ಡಬ್ಬಿಯಲ್ಲಿದ್ದದ್ದು ಒಂದು ರೂಪಾಯಿ ನಾಣ್ಯಗಳು. ಬಾಬಾಸಾಹೇಬರ ನೂರನೇ ವರ್ಷಕ್ಕೆಂದು ಸರ್ಕಾರ ಅವರ ಮುಖ ಅಚ್ಚು ಹಾಕಿಸಿ ಹೊರಡಿಸಿದ್ದವು. ರಘುನಾಥನ ಅಪ್ಪ ಓಬಣ್ಣ ಆಗ ಜಗಳೂರಿನ ಒಂದು ಬ್ಯಾಂಕಿನಲ್ಲಿ ಅಟೆಂಡರ್. ನಾಣ್ಯದ ಮೂಟೆ ಬಿಚ್ಚಿ ಸುರಿದಾಗ ಅದನ್ನು ಮೊದಲು ಕಂಡವನೇ ಅವನು. ಸಂಬಳದ ದಿನ ಕ್ಯಾಷಿಯರ್ ಎದುರು ಕೈಕಟ್ಟಿ ನಿಂತು, "ಸಾರ್, ನನ್ನ ಪಗಾರದಾಗೆ ಅರ್ಧ ಇವನ್ನೇ ಕೊಟ್ಟುಬಿಡ್ರಿ" ಅಂದನಂತೆ. ಊರೆಲ್ಲ ನೋಟು ಕೇಳುವಾಗ ಈತ ಚಿಲ್ಲರೆ ಕೇಳುತ್ತಾನಲ್ಲ ಎಂದು ಕ್ಯಾಷಿಯರ್ ಖುಷಿಯಾಗಿ ಕೊಟ್ಟ. ಓಬಣ್ಣ ಅವನ್ನು ಪೇಪರಿನಲ್ಲಿ ಸುರುಳಿ ಸುತ್ತಿ, ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ, ಡಬ್ಬಿಗಿಳಿಸಿ ಮುಚ್ಚಳ ಒತ್ತಿದ. ಅಂದು ಒಳಗೆ ಹೋದ ರೂಪಾಯಿ ಒಂದೂ ಅಂಗಡಿಯ ಮುಖ ಕಾಣಲಿಲ್ಲ.

ಹೋದ ವರ್ಷ ಓಬಣ್ಣ ತೀರಿಕೊಂಡ. ಹೊನ್ನಾಳಿಯಲ್ಲಿ ಲೈನ್‌ಮ್ಯಾನ್ ಆಗಿರುವ ರಘುನಾಥ ಅಪ್ಪನ ಟ್ರಂಕು ತೆಗೆದಾಗ ಡಬ್ಬಿ ಸಿಕ್ಕಿತು. ಅದನ್ನು ತಂದು ಗೋಡೆಯ ಮೇಲಿನ ಬುದ್ಧನ ಫೋಟೋದ ಕೆಳಗೆ, ಅವ್ವನ ಕಣ್ಣಿಗೆ ಕಾಣುವಂತೆ ಇಟ್ಟ. ಎಲ್ಲಾ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ನ್ಯಾಮತಿಯಲ್ಲಿ ಜೊತೆಗೆ ಕೆಲಸ ಮಾಡಿದ್ದ ಮೈಲಾರಿ ಮೊಬೈಲಿಗೆ ಒಂದು ವಿಡಿಯೋ ಬಿಟ್ಟ: ಹಳೇ ನಾಣ್ಯ ಇದ್ದರೆ ನೀವೇ ಲಕ್ಷಾಧೀಶರು! "ಲೇ ರಘು, ನಿಮ್ಮನ್ಯಾಗೆ ಡಬ್ಬಿಗಟ್ಲೆ ಐತಲ್ಲೋ, ಇನ್ನೂ ಕಂಬ ಯಾಕೆ ಹತ್ತುತೀಯ?" ಎಂದು ಫೋನು ಬೇರೆ ಮಾಡಿದ. ಮಾರುವ ಆಸೆ ರಘುನಾಥನಿಗೆ ಇತ್ತೋ ಇಲ್ಲವೋ, ಎಷ್ಟು ಬೆಲೆ ಬಾಳುತ್ತದೆ ಎಂದು ತಿಳಿಯುವ ಚಪಲವಂತೂ ಇತ್ತು. ಹಾಗೆ ಅವನು ಮೊದಲ ಸಲ ಚನ್ನಗಿರಿಗೆ ಹೋದದ್ದು.

ಮುಬಾರಕ್‌ನದು ಗಡಿಯಾರ ರಿಪೇರಿ ಅಂಗಡಿ; ಹಳೇ ನಾಣ್ಯ, ನೋಟು, ಸ್ಟಾಂಪು ಅವನ ಹುಚ್ಚು. ವಿಡಿಯೋ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಲಕ್ಷ ಕೊಡ್ತೀನಿ ಅಂದೋನ ಹತ್ರಾನೇ ಹೋಗ್ರಿ ರಘುನಾಥಣ್ಣ, ಮೊದ್ಲು ನಿಮ್ಮ ಹತ್ರಾನೇ ಫೀಸು ಕೇಳ್ತಾನೆ. ಈ ನಾಣ್ಯ ಅಪರೂಪದ್ದಲ್ಲ, ಬೇಕಾದಷ್ಟು ಐತೆ." ಆಮೇಲೆ ಒಂದು ಸುರುಳಿ ಬಿಚ್ಚಿ, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು, ಗಡಿಯಾರ ನೋಡುವ ಮಸೂರ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದ. ನಗು ನಿಂತಿತು. "ಆದ್ರೆ ಹಿಂಗೆ ಇರೋದು ಅಪರೂಪ. ಒಂದು ಕೈಯೂ ದಾಟಿಲ್ಲ ಇದು. ಟಂಕಸಾಲೆಯಿಂದ ಹೆಂಗೆ ಬಂತೋ ಹಂಗೇ ಐತೆ. ಇದಕ್ಕೆ ಜನ ಇದ್ದಾರೆ, ನಾನೇ ತಗಂತೀನಿ" ಎಂದು ಒಂದು ಬೆಲೆ ಹೇಳಿದ. ಮನೆ ಕಟ್ಟುವಷ್ಟಲ್ಲ; ಹಾಗಂತ ಮೂಗು ಮುರಿಯುವಂಥದ್ದೂ ಅಲ್ಲ.

ಬೆಲೆ ಕೇಳಿದ ಮೇಲೆಯೇ ರಘುನಾಥ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡದ್ದು. ಅವನಿಗೆ ನೆನಪಾದದ್ದು ಸ್ಲೇಟು.

ಆಗ ಅವರು ಸೊಕ್ಕೆಯಲ್ಲಿದ್ದರು. ಕೇರಿಯ ಯಾವ ಮಗು ಮೊದಲ ಸಲ ಶಾಲೆಗೆ ಹೊರಟರೂ ಹಿಂದಿನ ದಿನ ಅದನ್ನು ಓಬಣ್ಣನ ಮನೆಗೆ ಕರೆತರುತ್ತಿದ್ದರು. ಓಬಣ್ಣ ಮೈತೊಳೆದು, ಬಿಳಿ ಅಂಗಿ ತೊಟ್ಟು, ಡಬ್ಬಿಯಿಂದ ಯಾವಾಗಲೂ ಅದೇ ಒಂದು ರೂಪಾಯಿ ತೆಗೆದು ಸ್ಲೇಟಿನ ಮೇಲೆ ಇಡುತ್ತಿದ್ದ. ಮಗು ಬಳಪ ಹಿಡಿದು ಆ ನಾಣ್ಯದ ಸುತ್ತ ಗೆರೆ ಎಳೆಯಬೇಕು. ನಾಣ್ಯ ತೆಗೆದರೆ ದುಂಡನೆಯ ಸೊನ್ನೆ. ಅದರೊಳಗೆ ಓಬಣ್ಣ ಮಗುವಿನ ಕೈಹಿಡಿದು 'ಅ' ಬರೆಸುವನು. ಬರೆದು ಮುಗಿಯುತ್ತಿದ್ದಂತೆ ಮಗು ನಾಣ್ಯಕ್ಕೆ ಕೈಚಾಚುವುದು, ಓಬಣ್ಣ ತಟ್ಟನೆ ಎತ್ತಿಕೊಳ್ಳುವುದು, ಮಗು ಬಾಯಿ ಬಿಡುವುದು. "ಅತ್ರೆ ಅಳ್ಲಿ ಬಿಡ್ರಿ. ಇದು ಪೆಪ್ಪರ್‌ಮೆಂಟಿಗೆ ಕೊಡೋ ರೂಪಾಯಿ ಅಲ್ಲ" ಅನ್ನುವನು. ರಘುನಾಥನೂ ಹಾಗೆ ಸ್ಲೇಟು ಹಿಡಿದು ಅತ್ತವನೇ. ಇವತ್ತಿಗೂ ದುಂಡಗಿನದು ಏನು ಕಂಡರೂ ಅಪ್ಪನ ಒರಟು ಅಂಗೈ ತನ್ನ ಬೆರಳುಗಳ ಮೇಲೆ ಕೂತ ಹಾಗಾಗುತ್ತದೆ ಅವನಿಗೆ.

ಇಂಥದ್ದನ್ನು ಮಾರುವುದುಂಟೇ? ಅದೂ ಅವ್ವ ದಿನಾ ಕಣ್ತುಂಬ ನೋಡಿಕೊಂಡು ಕೂರುವಾಗ? ಹೀಗೆಲ್ಲ ಅಂದುಕೊಂಡು, ತನ್ನ ಮಾತೃಭಕ್ತಿಗೆ ತಾನೇ ಕರಗಿ, ಅವನು ಎರಡು ಸಲವೂ ಹೊನ್ನಾಳಿ ಬಸ್ಸು ಹತ್ತಿದ್ದ.

ಮನೆಯಲ್ಲಿ ಸುಂಕಲಮ್ಮ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಮಗ ಡಬ್ಬಿಯನ್ನು ಬುದ್ಧನ ಫೋಟೋದ ಕೆಳಗೆ ಮತ್ತೆ ಇಡುತ್ತ, ದೊಡ್ಡ ಯುದ್ಧ ಗೆದ್ದವನಂತೆ ಹೇಳಿದ: "ಚನ್ನಗಿರಿಯಾಗೆ ಮುಬಾರಕ್ ಅಂತ ಒಬ್ಬ ಈ ರೂಪಾಯಿ ಕೇಳ್ದ ಕಣವ್ವ. ಒಳ್ಳೇ ರೇಟೇ ಹೇಳ್ದ. ನಾನು ಸುತಾರಾಂ ಒಪ್ಲಿಲ್ಲ. ಮಾರಲ್ಲ ಅಂದೆ."

ಅವ್ವನ ಬೆರಳು ಅಕ್ಕಿಯಲ್ಲೇ ನಿಂತಿತು. "ಯಾರನ್ನ ಕೇಳಿ ಹಂಗಂದಿ?"

ರಘುನಾಥ ತಬ್ಬಿಬ್ಬಾದ. "ಯಾರನ್ನ ಕೇಳೋದು ಅಂದ್ರೆ... ಅಪ್ಪಂದಲ್ವೇನವ್ವ ಅದು. ನಿನಗೆ ನೋವಾಗ್ತದೆ ಅಂತ..."

"ನನಗೆ ನೋವಾಗ್ತದೆ ಅಂತ ನಾನು ನಿನಗೆ ಹೇಳಿದ್ನಾ?"

ಇಲ್ಲ, ಹೇಳಿರಲಿಲ್ಲ. ಸುಂಕಲಮ್ಮ ಮೊರ ಪಕ್ಕಕ್ಕಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. ಕಿವಿಗೆ ಕೈಹಾಕಿ ಅಲ್ಲಿದ್ದ ಬೇವಿನ ಕಡ್ಡಿಯನ್ನು ತೆಗೆದು ಮಗನ ಅಂಗೈ ಮೇಲಿಟ್ಟಳು. ಬೆಂಕಿಕಡ್ಡಿಯ ಅರ್ಧ ಉದ್ದದ, ನಯವಾಗಿ ಕೆತ್ತಿದ ಕಡ್ಡಿ. ಅವ್ವನ ಕಿವಿಯಲ್ಲಿ ಅದನ್ನಲ್ಲದೆ ಬೇರೇನನ್ನೂ ರಘುನಾಥ ಕಂಡವನಲ್ಲ. ಹಳೇ ಕಾಲದವರು ಹೀಗೇ ಇರುತ್ತಾರೆ ಎಂದುಕೊಂಡಿದ್ದ, ಅಷ್ಟೆ.

"ಇಲ್ಲಿ ನನ್ನ ಬೆಂಡೋಲೆ ಇದ್ವು" ಅಂದಳು. "ನಮ್ಮವ್ವ ಹಾಕಿದ್ದವು, ಕೆಂಪು ಹರಳಿಂದು. ನಿಮ್ಮಪ್ಪ ಅರ್ಧ ಪಗಾರ ಡಬ್ಬಿಗೆ ಹಾಕ್ದನಲ್ಲ, ಆ ತಿಂಗಳು ಒಲೆ ಹತ್ತಬೇಕಲ್ಲ? ಜಗಳೂರಾಗೆ ಅಡ ಇಟ್ವು. ಮುಂದಿನ ತಿಂಗಳು ಬಿಡಿಸಿಕೊಡ್ತೀನಿ ಕಣೇ ಅಂದ. ಆ ತಿಂಗಳು ನಿಮ್ಮತ್ತೆ ಲಗ್ನ ಬಂತು. ಆಮೇಲೆ ಹೊನ್ನಾಳಿಗೆ ವರ್ಗ ಆತು. ಆಮೇಲೆ ಬಡ್ಡಿ ಏರಿ ಓಲೆನೇ ಮುಳುಗಿಹೋದ್ವು."

"ಡಬ್ಬಿ ತುಂಬ ರೂಪಾಯಿ ಇಟ್ಕೊಂಡು ಓಲೆ ಇಡ್ಸಿದ್ನಾ ಅಪ್ಪ?" ರಘುನಾಥನ ದನಿ ಏರಿತು.

"ಅವನು ಇಡ್ಸಲಿಲ್ಲ. ನಾನೇ ಬಿಚ್ಚಿಕೊಟ್ಟೆ." ಸುಂಕಲಮ್ಮನ ದನಿಯೂ ಬಿರುಸಾಯಿತು. ಗಂಡನನ್ನು ಬಯ್ಯುವ ಹಕ್ಕು ತನ್ನದೊಬ್ಬಳದೇ ಎಂಬಂತೆ. "ಆ ಕಾಲ ನಿನಗೇನು ಗೊತ್ತು? ಬಸ್ಸಿಗೆ ಹೋಗೋ ದಾರ್‍ಯಾಗೆ ಒಂದು ಚಾದಂಗಡಿ ಇತ್ತು. ನಮ್ಮೋರು ದುಡ್ಡು ಕೈಗೆ ಕೊಡೋಂಗಿರಲಿಲ್ಲ. ಹಲಿಗೆ ಮ್ಯಾಲೆ ಉರುಳಿಸಬೇಕು. ಅಂಗಡಿಯೋನು ಅದಕ್ಕೆ ನೀರು ಚಿಮುಕಿಸಿ ಆಮ್ಯಾಲೆ ತಗೋಬೇಕು. ನಿಮ್ಮಪ್ಪ ಬಂದು ಈ ರೂಪಾಯಿ ಅಂಗೈ ಮ್ಯಾಲೆ ಇಟ್ಕೊಂಡು ಕೇಳ್ದ: ಈ ಮುಖದ ಮ್ಯಾಲೂ ನೀರು ಚಿಮುಕಿಸ್ತಾನಲ್ಲೇ ಸುಂಕ್ಲಿ, ಹೆಂಗೆ ಕೊಡ್ಲೇ ಅಂತ. ಗಂಡಸು, ಕಣ್ಣಾಗೆ ನೀರು. ನಾನೇನು ಹೇಳ್ಲಿ? ಕೊಡಬ್ಯಾಡ ಅಂದೆ. ಓಲೆ ಬಿಚ್ಚಿದೆ."

ರಘುನಾಥ ಕಡ್ಡಿಯನ್ನೇ ನೋಡುತ್ತಿದ್ದ.

"ಮತ್ತೆ ಈ ಕಡ್ಡಿ ಯಾಕವ್ವ?"

"ತೂತು ಮುಚ್ಚಿಹೋಗ್ತದಲ್ಲೋ ಮಂಕೆ. ಬರ್ತವೆ ಅಂದಿದ್ನಲ್ಲ ಅವನು. ಬಂದಾಗ ಕಿವಿ ಇರಬೇಕಲ್ಲ."

ಇಷ್ಟು ವರ್ಷ, ಕಡ್ಡಿ ಸವೆದಾಗೆಲ್ಲ ಹೊಸದು ಕೆತ್ತಿಕೊಂಡು, ಬಾಯಿಬಿಟ್ಟು ಒಂದು ಮಾತು ಕೇಳದೆ, ಕಿವಿ ತೆರೆದಿಟ್ಟುಕೊಂಡೇ ಕಾದಿದ್ದಾಳೆ ಇವಳು. ತಾನೋ, ಅವಳ ಜೀವ ಡಬ್ಬಿಯಲ್ಲಿದೆ ಎಂದು ಚನ್ನಗಿರಿಯಲ್ಲಿ ಸಾರಿಕೊಂಡು ಬಂದಿದ್ದಾನೆ! ನಾಚಿಕೆಯಿಂದ ಅವನ ಕಿವಿಗಳು ಬಿಸಿಯಾದವು. ಆದರೂ ಅಪ್ಪನ ಅಂಗೈ, ಸ್ಲೇಟು, ದುಂಡನೆಯ ಸೊನ್ನೆ ಮನಸ್ಸಿನಿಂದ ಕದಲಲಿಲ್ಲ. ಮಾರಿದರೆ ಅಪ್ಪನ ಹಟಕ್ಕೆ ದ್ರೋಹ, ಇಟ್ಟುಕೊಂಡರೆ ಅವ್ವನ ಕಿವಿಗೆ. ಬೆಳಿಗ್ಗೆ ಎದ್ದವನೇ ರಜೆ ಹೇಳಿ, ಡಬ್ಬಿ ಬ್ಯಾಗಿಗೆ ಹಾಕಿದ. "ನಡಿಯವ್ವ, ಹೋಗಾನ."

"ನಿಮ್ಮಪ್ಪ ಬೈಕಂತಾನೋ ಏನೋ" ಅಂದಳು ಸುಂಕಲಮ್ಮ. ಅಂದವಳು ಆಗಲೇ ಒಳ್ಳೇ ಸೀರೆ ಉಟ್ಟು ನಿಂತಿದ್ದಳು.

ಮುಬಾರಕ್ ಅವಳನ್ನು ನೋಡಿ ಸ್ಟೂಲು ಒರೆಸಿ ಕೊಟ್ಟ. "ಬರ್ರಿ ಅಮ್ಮಾ, ಕೂತ್ಕಳ್ರಿ. ರಘುನಾಥಣ್ಣ, ನಿನ್ನೆ ಜೀವ ಐತೆ ಅಂದ್ರಿ?"

"ಜೀವ ಗಟ್ಟಿ ಐತೆ ಕಣಪ್ಪ ನಂದು. ನೀನು ರೂಪಾಯಿ ನೋಡು" ಅಂದಳು ಸುಂಕಲಮ್ಮ.

ಅವನು ಸುರುಳಿ ಬಿಚ್ಚಿ ಬಿಚ್ಚಿ ಮಖಮಲ್ಲಿನ ಮೇಲೆ ಹರಡಿದ. ಒಂದೊಂದೂ ಪಳಪಳ ಅನ್ನುತ್ತಿತ್ತು. ಮುಬಾರಕ್ ಅವನ್ನು ಹೂವಿನ ಎಸಳು ಮುಟ್ಟುವ ಹಾಗೆ ಮುಟ್ಟುವುದನ್ನು ಸುಂಕಲಮ್ಮ ಕಣ್ಣು ಕೀಳದೆ ನೋಡಿದಳು. "ಇಷ್ಟು ಮರ್ಯಾದಿಯಿಂದ ತಗಳ್ಳೋನು ಸಿಕ್ಕಿದ್ರೆ ನಿಮ್ಮಪ್ಪ ಆವತ್ತೇ ಕೊಟ್ಟಿರೋನು" ಎಂದು ಮಗನ ಕಡೆ ಬಾಗಿ ಮೆಲ್ಲಗೆ ಅಂದಳು. ರಘುನಾಥನ ಎದೆಯ ಮೇಲಿನ ಕಲ್ಲು ಆ ಮಾತಿಗೆ ಇಳಿಯಿತು.

ಒಂದು ನಾಣ್ಯವನ್ನು ಮಾತ್ರ ಮುಬಾರಕ್ ಪಕ್ಕಕ್ಕೆ ಸರಿಸಿದ. "ಇದು ನಡೆಯಲ್ಲ ಅಮ್ಮಾ. ಬಹಳ ಕೈ ಓಡಾಡೈತೆ. ಅಂಚಿನಾಗೆಲ್ಲ ಬಳಪದ ಪುಡಿ ಕೂತೈತೆ." ರಘುನಾಥ ಅದನ್ನು ಬಾಚಿಕೊಂಡು ಜೇಬಿಗೆ ಹಾಕಿದ ರಭಸ ನೋಡಿದ್ದರೆ, ಕೇರಿಯ ಮಕ್ಕಳೆಲ್ಲ ಅತ್ತದ್ದು ಯಾಕೆಂದು ನಿಮಗೆ ಗೊತ್ತಾಗುತ್ತಿತ್ತು.

ಅದೇ ಬೀದಿಯಲ್ಲಿ ಜಂಪಣ್ಣ ಎಂಬವರ ಚಿನ್ನದ ಅಂಗಡಿ. ಈಗಿನ ಚಿನ್ನದ ರೇಟಿಗೆ ಕೆಂಪು ಹರಳಿನ ಬೆಂಡೋಲೆ ಕನಸಿನ ಮಾತು. ಮಗ ತನ್ನ ದುಡ್ಡು ಸೇರಿಸಲು ಹೋದ; ಅವ್ವ ಕೈ ಹಿಡಿದಳು. "ನಿಂದು ಬ್ಯಾಡ. ನಿಮ್ಮಪ್ಪನ ದುಡ್ಡಿಗೆ ಎಷ್ಟು ಬರ್ತದೋ ಅಷ್ಟೇ." ಬಂದದ್ದು ಜೋಳದ ಕಾಳಿನಷ್ಟು ಗಾತ್ರದ ಒಂದು ಜೊತೆ ಓಲೆ. ಜಂಪಣ್ಣನವರು ಕಡ್ಡಿ ತೆಗೆಸಿ, ತಾವೇ ತಿರುಪು ಹಾಕಿಕೊಟ್ಟರು. ಓಲೆ ಸಲೀಸಾಗಿ ಕೂತಿತು. ಅವರು ಕನ್ನಡಿ ಹಿಡಿದರೆ ಸುಂಕಲಮ್ಮ ಒಂದೇ ಸಲ ನೋಡಿ, "ಸಾಕು ಸಾಕು, ಮುದುಕಿ ಮುಖ ಏನು ನೋಡೋದು" ಎಂದು ಎದ್ದುಬಿಟ್ಟಳು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸು ಸಾಸ್ವೆಹಳ್ಳಿ ದಾಟಿತು. ಗದ್ದೆಗಳ ಮೇಲಿನಿಂದ ಸಂಜೆ ಬಿಸಿಲು ಒಳಗೆ ಬೀಳುತ್ತಿತ್ತು. ರಘುನಾಥ ಮಗ್ಗುಲಿಗೆ ನೋಡಿದರೆ ಅವ್ವನ ಕೆನ್ನೆ ಒದ್ದೆಯಾಗಿತ್ತು.

"ಯಾಕವ್ವ? ಮಾರಬಾರದಾಗಿತ್ತಾ?"

"ಮಾರಬೇಕಾಗಿತ್ತು. ಅವನು ಇದ್ದಾಗ್ಲೇ ಮಾರಬೇಕಾಗಿತ್ತು" ಅಂದಳು ಸುಂಕಲಮ್ಮ. "ಈಗ ಹಾಕ್ಕೊಂಡು ಯಾರಿಗೆ ತೋರಿಸ್ಲೋ ನಾನು?"

"ಇತ್ಲಾಗೆ ತಿರುಗವ್ವ" ಅಂದ ರಘುನಾಥ. ಅವಳು ತಿರುಗಿದಳು. "ಚೆಂದ ಅವೆ."

"ನಿಮ್ಮಪ್ಪ ಹಂಗೆಲ್ಲ ಅಂತಿರಲಿಲ್ಲ."

"ಮತ್ತೆ ಏನಂತಿದ್ದ?"

"ಏನೂ ಅಂತಿರಲಿಲ್ಲ. ಸುಮ್ನೆ ನೋಡ್ತಿದ್ದ."

ರಘುನಾಥ ಬಾಯಿ ಮುಚ್ಚಿಕೊಂಡ. ಹೊನ್ನಾಳಿ ಬರುವವರೆಗೂ ಸುಮ್ಮನೆ ನೋಡುತ್ತ ಕೂತ.